ದುಡ್ಡು ಕೇಳದ ಸಿನಿಮಾ ಭಂಡಾರ: ಮಲೆನಾಡಿನಿಂದ ಎನ್‌ಎಫ್‌ಬಿ ವಿಮರ್ಶೆ

"ಬೇರೆ ಥರದ ಸಿನಿಮಾ ಎಲ್ಲಿ ನೋಡ್ತೀಯ?" ಅಂತ ಗೆಳೆಯರು ಆಗಾಗ ಕೇಳುತ್ತಾರೆ. ಕೆಲವು ವರ್ಷಗಳಿಂದ ನನ್ನ ಉತ್ತರ ಒಂದೇ: ಎನ್‌ಎಫ್‌ಬಿ ಡಾಟ್ ಸಿಎ. ಇದು ಕೆನಡಾ ಸರ್ಕಾರದ ನ್ಯಾಷನಲ್ ಫಿಲ್ಮ್ ಬೋರ್ಡ್‌ನ ಜಾಲತಾಣ. ಸಂಸ್ಥೆ ಶುರುವಾದದ್ದು 1939ರಲ್ಲಿ. ತನ್ನ ಹಳೆಯ, ಹೊಸ ಚಿತ್ರಗಳನ್ನು 2009ರಿಂದ ನೆಟ್‌ನಲ್ಲಿ ತೋರಿಸುತ್ತಿದೆ. ಸಾಕ್ಷ್ಯಚಿತ್ರ, ಅನಿಮೇಷನ್, ಪ್ರಯೋಗದ ಚಿತ್ರ, ಎಲ್ಲ ಸೇರಿ ಸಾವಿರಾರು ಇವೆ. ಹೆಚ್ಚಿನವಕ್ಕೆ ದುಡ್ಡು ಬೇಡ, ಲಾಗಿನ್ ಬೇಡ.

ನಾನಿರುವುದು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಹೆಗ್ಗೋಡು ದೂರವಿಲ್ಲ. 70ರ ದಶಕದಲ್ಲೇ ನೀನಾಸಂ ಚಿತ್ರಸಮಾಜ ಜಗತ್ತಿನ ಒಳ್ಳೆಯ ಸಿನಿಮಾಗಳನ್ನು ನಮ್ಮ ಕಡೆಯ ಜನರಿಗೆ ತೋರಿಸಿತ್ತು. ಮನೆಯ ಹಿರಿಯರಿಂದ ಆ ಕಥೆ ಕೇಳಿಕೊಂಡೇ ಬೆಳೆದವನು ನಾನು. ಹಾಗಾಗಿ ಹಾಡು, ಫೈಟು ಇಲ್ಲದ ಚಿತ್ರ ನಮ್ಮೂರಿನವರಿಗೆ ಅರ್ಥವಾಗಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಈ ತಾಣದಲ್ಲಿ ನನಗೆ ಬಹಳ ಇಷ್ಟವಾಗಿದ್ದು ಒಂದು ಸಣ್ಣ ಅನುಕೂಲ. ಪ್ರತಿ ಚಿತ್ರದ ಪುಟದಲ್ಲೂ ಅದಕ್ಕೆ ದುಡಿದವರ ಹೆಸರುಗಳಿರುತ್ತವೆ. ನಿರ್ದೇಶಕರ ಹೆಸರು ಒತ್ತಿದರೆ ಅವರ ಬೇರೆ ಚಿತ್ರಗಳು ಸಿಗುತ್ತವೆ. ಬೇರೆ ಕಡೆ "ನೀವು ಇದನ್ನು ನೋಡಿದ್ದೀರಿ, ಹಾಗಾಗಿ ಇದನ್ನೂ ನೋಡಿ" ಅಂತ ಯಂತ್ರ ಮುಂದಿಟ್ಟಿದ್ದನ್ನು ನೋಡುತ್ತೇವೆ. ಇಲ್ಲಿ ಒಬ್ಬ ಮನುಷ್ಯನ ಹಿಂದೆ ಹೋಗಬಹುದು. ಅವರ ಮೊದಲ ಕೆಲಸ ಯಾವುದು, ಮೂವತ್ತು ವರ್ಷ ಆದ ಮೇಲೆ ಏನು ಮಾಡಿದರು, ಎಲ್ಲವೂ ಒಂದೇ ಕಡೆ.

ನಾರ್ಮನ್ ಮ್ಯಾಕ್ಲಾರೆನ್ ನನಗೆ ಸಿಕ್ಕಿದ್ದು ಹೀಗೆ. ಅವರ 'ನೇಬರ್ಸ್' 1952ರ ಚಿತ್ರ, ಎಂಟೇ ನಿಮಿಷ. ಅಕ್ಕಪಕ್ಕದ ಮನೆಯ ಇಬ್ಬರು. ಗಡಿಯ ಮೇಲೆ ಒಂದು ಹೂವು ಅರಳುತ್ತದೆ. ಅದು ನಂದು, ಅಲ್ಲ ನಂದು ಅಂತ ಶುರುವಾದದ್ದು ಇಬ್ಬರೂ ಸಾಯುವವರೆಗೆ ಹೋಗುತ್ತದೆ. ಬೇಲಿ ತಕರಾರು ಮಲೆನಾಡಿನವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ನಿಜವಾದ ನಟರನ್ನೇ ಗೊಂಬೆಗಳ ಹಾಗೆ ಒಂದೊಂದೇ ಫ್ರೇಮ್‌ಗೆ ನಿಲ್ಲಿಸಿ ತೆಗೆದಿದ್ದಾರೆ. ಕೇಳಿಸುವ ಸಂಗೀತ ಯಾವ ವಾದ್ಯದ್ದೂ ಅಲ್ಲ. ಫಿಲ್ಮ್‌ನ ಧ್ವನಿಪಟ್ಟಿಯ ಮೇಲೆ ಗೆರೆಗಳನ್ನು ಮೂಡಿಸಿ ಹುಟ್ಟಿಸಿದ್ದು. ಚಿಕ್ಕ ಮಕ್ಕಳ ಜೊತೆ ನೋಡುವವರು ಮೊದಲು ತಾವೊಮ್ಮೆ ನೋಡಿಕೊಳ್ಳಿ. ಕೊನೆಯಲ್ಲಿ ಹೆಂಡತಿ, ಮಕ್ಕಳ ಮೇಲೆ ಕೈ ಮಾಡುವ ದೃಶ್ಯ ಇದೆ.

ಮಕ್ಕಳಿಗೆ ಧೈರ್ಯವಾಗಿ ತೋರಿಸಬಹುದಾದದ್ದು ಇಶು ಪಟೇಲ್ ಅವರ 'ಬೀಡ್ ಗೇಮ್' (1977). ಇವರು ಗುಜರಾತಿನವರು, ಅಹಮದಾಬಾದಿನ ಎನ್‌ಐಡಿಯಲ್ಲಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಕಲಿತವರು. ಸಾವಿರಾರು ಮಣಿಗಳನ್ನು ಕ್ಯಾಮೆರಾ ಕೆಳಗೆ ಕೈಯಿಂದ ಸರಿಸಿ ಸರಿಸಿ ಮಾಡಿದ ಚಿತ್ರ. ಒಂದು ಜೀವಿ ಇನ್ನೊಂದನ್ನು ನುಂಗುತ್ತದೆ, ಅದನ್ನು ಮತ್ತೊಂದು. ಹಿನ್ನೆಲೆಯಲ್ಲಿ ತಬಲಾ. ಮಾತೇ ಇಲ್ಲ, ಹಾಗಾಗಿ ಭಾಷೆಯ ತೊಂದರೆಯೂ ಇಲ್ಲ.

ರಯಾನ್ ಲಾರ್ಕಿನ್ ವಿಷಯಕ್ಕೆ ಬಂದರೆ ನನಗೆ ಈಗಲೂ ಸಂಕಟ ಆಗುತ್ತದೆ. 1968ರ 'ವಾಕಿಂಗ್' ಐದು ನಿಮಿಷದ ಚಿತ್ರ. ಜನ ನಡೆಯುವುದು ಬಿಟ್ಟರೆ ಅದರಲ್ಲಿ ಏನೂ ಇಲ್ಲ. ಸೋತವರ ನಡಿಗೆ, ಜಂಬದವರ ನಡಿಗೆ, ಎಲ್ಲಾ ಗೆರೆಚಿತ್ರ ಮತ್ತು ಜಲವರ್ಣದಲ್ಲಿ. ಆಸ್ಕರ್‌ಗೆ ನಾಮನಿರ್ದೇಶನ ಆಗಿತ್ತು. ಇದನ್ನು ಮಾಡಿದವರು ಮುಂದೆ ಮಾಂಟ್ರಿಯಲ್‌ನ ಬೀದಿಯಲ್ಲಿ ನಿಂತು ಚಿಲ್ಲರೆ ಕೇಳುವ ಸ್ಥಿತಿಗೆ ಬಂದರು. ಆಗ ಕ್ರಿಸ್ ಲ್ಯಾಂಡ್ರೆತ್ ಎಂಬ ಇನ್ನೊಬ್ಬ ಅನಿಮೇಟರ್ ಅವರನ್ನು ಮಾತಾಡಿಸಿ 'ರಯಾನ್' (2004) ಮಾಡಿದರು. ಅದಕ್ಕೆ ಆಸ್ಕರ್ ಬಂತು. ಕಂಪ್ಯೂಟರ್‌ನಲ್ಲಿ ಮಾಡಿದ ಆ ಮುಖಗಳಲ್ಲಿ ಅರ್ಧ ಭಾಗ ಇಲ್ಲವೇ ಇಲ್ಲ. ಕುಡಿತ ಬಿಡಿ ಅಂತ ಹೇಳಿದಾಗ ಲಾರ್ಕಿನ್ ಸಿಟ್ಟಿಗೇಳುವ ಒಂದು ಗಳಿಗೆ ಇದೆ. ಎರಡೂ ಚಿತ್ರ ಸೇರಿ ಅರ್ಧ ಗಂಟೆಯೂ ಆಗುವುದಿಲ್ಲ. ದಯವಿಟ್ಟು ಒಂದರ ಹಿಂದೆ ಒಂದು ನೋಡಿ. 'ವಾಕಿಂಗ್' ಮೊದಲು.

ನಿರ್ದೇಶಕಿ ಅಲಾನಿಸ್ ಒಬೊಮ್ಸಾವಿನ್ ಅವರ ಸಾಕ್ಷ್ಯಚಿತ್ರಕ್ಕೆ ಒಂದು ಸಂಜೆ ಪೂರ್ತಿ ಬೇಕು. ಅವರು ಅಬೆನಾಕಿ ಎಂಬ ಮೂಲನಿವಾಸಿ ಸಮುದಾಯದವರು. 1990ರಲ್ಲಿ ಕೆನಡಾದ ಓಕಾ ಎಂಬ ಊರಲ್ಲಿ ಗಾಲ್ಫ್ ಮೈದಾನ ದೊಡ್ಡದು ಮಾಡಲು ಮೊಹಾಕ್ ಎಂಬ ಮೂಲನಿವಾಸಿ ಜನರ ಪೈನ್ ಕಾಡಿಗೂ ಸ್ಮಶಾನಕ್ಕೂ ಕೈ ಹಾಕಿದರು. ಜನ ಅಡ್ಡ ನಿಂತರು. 78 ದಿನ ನಡೆದ ಆ ಜಗಳವನ್ನು ಇವರು ಸೈನ್ಯ ಸುತ್ತುಗಟ್ಟಿದ ಜಾಗದ ಒಳಗೇ ಇದ್ದು ಚಿತ್ರೀಕರಿಸಿದರು. 1993ರ ಆ ಚಿತ್ರ 'ಕನೆಸತಾಕೆ'.

ಇನ್ನು ತೊಂದರೆಗಳು. ಇಡೀ ತಾಣ ಇಂಗ್ಲಿಷ್ ಮತ್ತು ಫ್ರೆಂಚ್‌ನಲ್ಲಿದೆ. ಕನ್ನಡ ಸಬ್‌ಟೈಟಲ್ ನಿರೀಕ್ಷಿಸಬೇಡಿ. ಕೆಲವು ಚಿತ್ರಗಳಿಗೆ ಬಾಡಿಗೆ ಕೊಡಬೇಕು, ಕೆಲವು ಕೆನಡಾದ ಹೊರಗೆ ತೆರೆಯುವುದೇ ಇಲ್ಲ. ನಮ್ಮ ಕಡೆಯ ನೆಟ್ ವಿಷಯ ಬೇರೆಯೇ. ಆಷಾಢದ ಗಾಳಿಗೆ ಮರ ಬಿದ್ದರೆ ಕರೆಂಟೂ ಇಲ್ಲ, ಟವರೂ ಇಲ್ಲ. ಆದರೆ ಇಲ್ಲಿ ಐದು, ಹತ್ತು ನಿಮಿಷದ ಚಿತ್ರಗಳು ಜಾಸ್ತಿ. ಸಿಗ್ನಲ್ ಬಂದ ಹೊತ್ತಿನಲ್ಲಿ ಒಂದನ್ನಾದರೂ ಪೂರ್ತಿ ನೋಡಬಹುದು.

ನನಗೆ ಈ ತಾಣದ ಬೆಲೆ ಪೂರ್ತಿ ತಿಳಿದದ್ದು ಫೋಗೋ ದ್ವೀಪದ ಚಿತ್ರಗಳಿಂದ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಫೋಗೋ ನ್ಯೂಫೌಂಡ್‌ಲ್ಯಾಂಡ್ ಪಕ್ಕದ ಮೀನುಗಾರರ ದ್ವೀಪ. ಮೀನು ಕಡಿಮೆ ಆಯ್ತು, ಕೆಲಸ ಇಲ್ಲ. ಜನರನ್ನು ಅಲ್ಲಿಂದ ಎಬ್ಬಿಸಿ ಬೇರೆ ಕಡೆ ಕೂರಿಸುವ ಮಾತು ನಡೆದಿತ್ತು. 1967ರಲ್ಲಿ ಎನ್‌ಎಫ್‌ಬಿಯ ನಿರ್ದೇಶಕ ಕಾಲಿನ್ ಲೋ ಕ್ಯಾಮೆರಾ ಹಿಡಿದು ಅಲ್ಲಿಗೆ ಹೋದರು. ಸಮಸ್ಯೆ ಬಗ್ಗೆ ಒಂದು ದೊಡ್ಡ ಚಿತ್ರ ಮಾಡುವ ಬದಲು 27 ಸಣ್ಣ ಚಿತ್ರ ಮಾಡಿದರು. ಒಂದರಲ್ಲಿ ಒಬ್ಬರ ಮಾತು, ಇನ್ನೊಂದರಲ್ಲಿ ಒಂದು ಮದುವೆ, ಹೀಗೆ. ಯಾರ ಮಾತನ್ನೂ ತುಂಡು ಮಾಡಿ ಇನ್ನೊಬ್ಬರ ಮಾತಿಗೆ ಜೋಡಿಸಲಿಲ್ಲ. ಮಾತಾಡಿದವರಿಗೇ ಮೊದಲು ತೋರಿಸಿದರು. ಬೇಡ ಅಂದಿದ್ದನ್ನು ತೆಗೆದರು. ಆಮೇಲೆ ದ್ವೀಪದವರೆಲ್ಲ ಕೂತು ನೋಡಿದರು, ಮಂತ್ರಿಗಳಿಗೂ ತೋರಿಸಿದರು. ದ್ವೀಪದ ಜನ ಸಹಕಾರ ಸಂಘ ಕಟ್ಟಿಕೊಂಡು ಅಲ್ಲೇ ಉಳಿದರು.

ಶರಾವತಿ ಸೀಮೆಯವರಿಗೆ ಇದು ದೂರದ ಕಥೆ ಅಲ್ಲ. 1964ರ ಲಿಂಗನಮಕ್ಕಿ ಅಣೆಕಟ್ಟು ಎಷ್ಟು ಊರುಗಳನ್ನು ಎಬ್ಬಿಸಿತು! ನಾ. ಡಿಸೋಜ ಮುಳುಗಡೆಯ ಬಗ್ಗೆ ಬರೆದರು. ಅವರ ಕಾದಂಬರಿಯಿಂದ ಗಿರೀಶ್ ಕಾಸರವಳ್ಳಿ 2002ರಲ್ಲಿ 'ದ್ವೀಪ' ಮಾಡಿದರು. ಆದರೆ ಊರು ಮುಳುಗಿ ಲಾರಿ ಹತ್ತಿ ಬಂದವರು ತಾವೇ ಕೂತು ತಮ್ಮ ಮಾತು ಹೇಳಿದ ಚಿತ್ರಗಳು ನಮ್ಮಲ್ಲಿ ಇನ್ನೂ ಎಷ್ಟೋ ಆಗಬೇಕಿತ್ತು.

'ಬಿಲ್ಲಿ ಕ್ರೇನ್ ಮೂವ್ಸ್ ಅವೇ' ಅಂತ ಒಂದು ಫೋಗೋ ಚಿತ್ರ. ಊರು ಬಿಟ್ಟು ಟೊರಾಂಟೊಗೆ ಹೊರಟ ಒಬ್ಬ ಮೀನುಗಾರ ತನ್ನ ಕಷ್ಟ ಹೇಳಿಕೊಳ್ಳುತ್ತಾನೆ, ಅಷ್ಟೇ. ಅದನ್ನು ನಮ್ಮ ಪಕ್ಕದ ಮನೆಯ ಅಜ್ಜನಿಗೆ ತೋರಿಸಿದೆ. ಅವರು ಮುಳುಗಡೆ ಊರಿನಿಂದ ಬಂದವರು. ನಾನು ಆಗಾಗ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. ಅಜ್ಜ ಕವಳ ಹಾಕಿಕೊಂಡು ಸುಮ್ನೆ ನೋಡಿದರು. ಮುಗಿದ ಮೇಲೆ ಕೇಳಿದ್ದು ಒಂದೇ: "ತಮ್ಮಾ, ಅವನಿಗೆ ಅಲ್ಲಿ ಹೋದ ಮೇಲೆ ಕೆಲಸ ಸಿಕ್ತಾ?" ಆಮೇಲೆ ತಾವಾಗಿಯೇ ಶುರು ಮಾಡಿದರು. ಫಸಲು ಬರುತ್ತಿದ್ದ ಅಡಿಕೆ ತೋಟಕ್ಕೆ ನೀರು ಏರಿದ್ದು, ಇಳಿಸಿದ ಜಾಗದಲ್ಲಿ ಕಾಡು ಬಿಟ್ಟರೆ ಏನೂ ಇಲ್ಲದಿದ್ದದ್ದು, ಇವತ್ತಿಗೂ ಜಮೀನಿನ ದಾಖಲೆಗೆ ಓಡಾಡುವುದು.

ಅದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದೆ, ಅವರನ್ನು ಕೇಳಿಯೇ. ಫೋಗೋ ಕ್ರಮದಲ್ಲೇ ಮೊದಲು ಅವರಿಗೆ ತೋರಿಸಿದೆ. ಅಣ್ಣತಮ್ಮಂದಿರ ಪಾಲಿನ ಮಾತು ಒಂದಿತ್ತು, "ಅದು ಬೇಡ" ಅಂದರು, ತೆಗೆದೆ. ಉಳಿದದ್ದು ಇಪ್ಪತ್ತು ನಿಮಿಷದಷ್ಟಿದೆ. ಅಡಿಕೆ ಸುಲಿತ ಮುಗಿದ ಮೇಲೆ ಅದೇ ಊರಿನ ಇನ್ನಿಬ್ಬರು ಅಜ್ಜಿಯಂದಿರು ಮಾತಾಡಲು ಒಪ್ಪಿದ್ದಾರೆ.