ಸಪ್ತಾಪುರದ ಫ್ರೇಸಲ್ ವರ್ಬ್ ನೋಟ್ಸ್: ಪರೀಕ್ಷೆಗೆ ಸೈ, ಬಾಯಿಗೆ ಅರ್ಧ

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಕ್ಲಾಸುಗಳ ಮಗ್ಗುಲಿಗಿರುವ ಝೆರಾಕ್ಸ್ ಅಂಗಡಿಯೊಂದರಲ್ಲಿ ಈ ಸ್ಪೈರಲ್ ನೋಟ್ಸ್ ಸಿಗುತ್ತದೆ. 64 ಪುಟ, 90 ರೂಪಾಯಿ, ಬರೆದವರ ಹೆಸರಿಲ್ಲ. ಸುಮಾರು 300 ಫ್ರೇಸಲ್ ವರ್ಬ್‌ಗಳು (ಕ್ರಿಯಾಪದಕ್ಕೆ 'ಆಫ್', 'ಅಪ್' ಥರದ ಪುಟ್ಟ ಪದ ಅಂಟಿ ಹೊಸ ಅರ್ಥ ಕೊಡುವ ಜೋಡಿಗಳು) ಅಕಾರಾದಿಯಾಗಿ, ಪ್ರತಿಯೊಂದರ ಎದುರಿಗೆ ಒಂದು ಕನ್ನಡ ಅರ್ಥ. ಎಫ್‌ಡಿಎ, ಎಸ್‌ಡಿಎ (ಸರ್ಕಾರಿ ಪ್ರಥಮ, ದ್ವಿತೀಯ ದರ್ಜೆ ಸಹಾಯಕ) ಪರೀಕ್ಷೆಗೆ ಸಾಮಾನ್ಯ ಇಂಗ್ಲಿಷ್ ಆಯ್ದುಕೊಂಡವರು ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಲು ಇಷ್ಟು ಸಾಕು. ಇಂಟರ್‌ವ್ಯೂನಲ್ಲಿ ಬಾಯಿ ತೆರೆಯಬೇಕೆಂದರೆ ಸಾಲದು.

ದೊಡ್ಡ ಕೊರತೆ ಒಂದೇ: ಯಾವುದು ಒಡೆಯುತ್ತದೆ, ಯಾವುದು ಒಡೆಯುವುದಿಲ್ಲ ಎಂದು ಎಲ್ಲೂ ಹೇಳಿಲ್ಲ. 'ಟರ್ನ್ ಆಫ್ ದ ಫ್ಯಾನ್' ಅನ್ನಬಹುದು, 'ಟರ್ನ್ ದ ಫ್ಯಾನ್ ಆಫ್' ಅಂತಲೂ ಅನ್ನಬಹುದು. ಆದರೆ ಫ್ಯಾನ್ ಜಾಗಕ್ಕೆ 'ಇಟ್' ಬಂತೋ, ಅದು ನಡುವೆಯೇ ಕೂರಬೇಕು: 'ಟರ್ನ್ ಇಟ್ ಆಫ್'. 'ಟರ್ನ್ ಆಫ್ ಇಟ್' ತಪ್ಪು. 'ಲುಕ್ ಫಾರ್' ಇದಕ್ಕೆ ಉಲ್ಟಾ, ಅಲ್ಲಿ 'ಲುಕ್ ಫಾರ್ ಇಟ್' ಮಾತ್ರ ಸರಿ. 'ಪುಟ್ ಅಪ್ ವಿತ್' ಥರದ ಮೂರು ತುಂಡಿನವು ಸಾಮಾನ್ಯವಾಗಿ ಒಡೆಯುವುದಿಲ್ಲ. ಉಚ್ಚಾರದಲ್ಲೂ ಈ ವ್ಯತ್ಯಾಸ ಕೇಳುತ್ತದೆ. 'ಟರ್ನ್ ಇಟ್ ಆಫ್'ನಲ್ಲಿ ಒತ್ತು 'ಆಫ್' ಮೇಲೆ ಬೀಳುತ್ತದೆ, 'ಲುಕ್ ಫಾರ್ ಇಟ್'ನಲ್ಲಿ 'ಲುಕ್' ಮೇಲೆ. ಡಿಕ್ಷನರಿ ನೋಡಿ, ಒಡೆಯುವ ಪ್ರತಿಯೊಂದರ ನಡುವೆ ಪೆನ್ಸಿಲ್‌ನಿಂದ 'ಇಟ್' ಬರೆದುಕೊಂಡರೆ ನೋಟ್ಸಿನ ಬೆಲೆ ಇಮ್ಮಡಿಯಾಗುತ್ತದೆ.

ಇದರಲ್ಲಿ ಚಿನ್ನದಂಥ ಪುಟವೊಂದಿದೆ, 'ಅಪ್' ಬಗ್ಗೆ. ಈ 'ಅಪ್' ಬರೀ ಮೇಲೆ ಅಲ್ಲ, ಎಷ್ಟೋ ಕಡೆ ನಮ್ಮ 'ಬಿಡು' ಮಾಡುವ ಕೆಲಸವನ್ನೇ ಮಾಡುತ್ತದೆ ಎಂದು ತೋರಿಸಿದ್ದಾರೆ. 'ಈಟ್' ಎಂದರೆ ತಿನ್ನು, 'ಈಟ್ ಅಪ್' ಎಂದರೆ ತಿಂದುಬಿಡು, ತಾಟಿನಲ್ಲಿ ಏನೂ ಉಳಿಯಬಾರದು. 'ಯೂಸ್ ಅಪ್' ಎಂದರೆ ಬಳಸಿ ಖಾಲಿ ಮಾಡಿಬಿಡು. ಹೀಗೆ ಹಿಡಿದರೆ ಉರು ಹೊಡೆಯುವ ಕಾಟ ಅರ್ಧ ಕಡಿಮೆ. ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಡಬಹುದಿತ್ತು. ನಮ್ಮ ಕಡೆ ದೀಪ ಹಚ್ಚುತ್ತೇವೆ, ಫ್ಯಾನ್ ಹಚ್ಚುತ್ತೇವೆ, ಫೋನ್ ಹಚ್ಚುತ್ತೇವೆ, ಹುಡುಗನ್ನ ಸಾಲಿಗೂ (ಶಾಲೆಗೂ) ಹಚ್ಚುತ್ತೇವೆ. ಒಂದೇ 'ಹಚ್ಚು'ವಿಗೆ ಇಷ್ಟು ಅರ್ಥ ನುಂಗಿದವರಿಗೆ 'ಟೇಕ್ ಆಫ್' ಏನು ಮಹಾ? ನೋಟ್ಸಿನಲ್ಲಿ ಅದಕ್ಕೆ 'ವಿಮಾನ ಮೇಲೇರು' ಎಂದಷ್ಟೇ ಇದೆ. ಬೂಟು ಬಿಚ್ಚುವುದೂ 'ಟೇಕ್ ಆಫ್', ಕೆಲಸಕ್ಕೆ ಒಂದು ದಿನ ರಜೆ ಹಾಕುವುದೂ 'ಟೇಕ್ ಎ ಡೇ ಆಫ್'.

ಅಕಾರಾದಿ ಹುಡುಕಲು ಚಂದ, ಕಲಿಯಲು ಕೆಟ್ಟದ್ದು. 'ಲುಕ್ ಆಫ್ಟರ್, ಲುಕ್ ಫಾರ್, ಲುಕ್ ಇಂಟು' ಒಟ್ಟಿಗೆ ಓದಿದರೆ ನಾಳೆ ಒಂದರ ಅರ್ಥ ಇನ್ನೊಂದಕ್ಕೆ ಅಂಟುತ್ತದೆ. ಬೇರೆ ಬೇರೆ ಪುಟಗಳಿಂದ ದಿನಕ್ಕೆ ಐದು ಆರಿಸಿ, ಚೀಟಿಯ ಒಂದು ಬದಿಗೆ ಕನ್ನಡ ವಾಕ್ಯ, ಹಿಂದೆ ಇಂಗ್ಲಿಷ್ ವಾಕ್ಯ ಬರೆಯಿರಿ. ಕನ್ನಡ ಬದಿ ನೋಡಿ ಇಂಗ್ಲಿಷ್ ಬಾಯಲ್ಲಿ ಬರಬೇಕು. ಮರುದಿನ, ಮೂರನೇ ದಿನ, ಏಳನೇ ದಿನ ಮತ್ತೆ ತಿರುವಿ. ತಪ್ಪಿದ ಚೀಟಿ ಮೊದಲಿನಿಂದ ಶುರು.

ಬಸ್ಸಿಗೆ 'ಗೆಟ್ ಆನ್, ಗೆಟ್ ಆಫ್', ಕಾರಿಗೆ 'ಗೆಟ್ ಇಂಟು, ಗೆಟ್ ಔಟ್ ಆಫ್' ಎಂದು ಸರಿಯಾಗಿಯೇ ಕೊಟ್ಟಿದ್ದಾರೆ, ಕಾರಣ ಕೊಟ್ಟಿಲ್ಲ. ಒಳಗೆ ಎದ್ದು ಓಡಾಡಬಹುದಾದ ವಾಹನಕ್ಕೆ 'ಆನ್', ಬಗ್ಗಿ ನುಸುಳಿ ಕೂರುವಂಥದ್ದಕ್ಕೆ 'ಇಂಟು'. ಹಾಗಾಗಿ ಚಿಗರಿ ಬಸ್ಸಿಗೆ 'ಆನ್', ಆಟೋಕ್ಕೆ 'ಇಂಟು'. 'ಪಾಸ್ ಔಟ್' ಎದುರಿಗೆ 'ಪದವಿ ಮುಗಿಸು' ಎಂದಿದೆ. ಇದು ನಮ್ಮ ದೇಶದ ಬಳಕೆ. ಹೊರದೇಶದ ಕ್ಲೈಂಟ್ ಜೊತೆ ಫೋನಿನಲ್ಲಿ 'ಐ ಪಾಸ್ಡ್ ಔಟ್ ಇನ್ 2019' ಅಂದರೆ ಅವರಿಗೆ ಕೇಳಿಸುವುದು 'ಎಚ್ಚರ ತಪ್ಪಿ ಬಿದ್ದೆ' ಎಂದು. ಅಲ್ಲಿ 'ಗ್ರ್ಯಾಜುಯೇಟೆಡ್' ಅನ್ನಿ.

ಕೊಳ್ಳುವ ಮುಂಚೆ ಅಂಗಡಿಯಲ್ಲೇ 'ಸಿ' ಪುಟ ತೆಗೆಯಿರಿ. 'ಕೋಪ್ ಅಪ್ ವಿತ್' ಎಂದು ಅಚ್ಚಾಗಿರುತ್ತದೆ. ಸರಿಯಾದದ್ದು 'ಕೋಪ್ ವಿತ್', ನಡುವಿನ 'ಅಪ್' ಹೊಡೆದುಹಾಕಿ. ಕೊನೆಯ ನಾಲ್ಕು ಪುಟಗಳ ಶಾಯಿ ತೀರಾ ತೆಳು, ಓದಲು ಬಾರದಿದ್ದರೆ ಬೇರೆ ಪ್ರತಿ ಕೇಳಿ, ಕೊಡುತ್ತಾರೆ.