ಸಮ್ಮರ್ ಕ್ಯಾಂಪ್‌ನವರು ಕಳಿಸುವ ಊಟದ ಫೋಟೋ ನಂಬಬೇಡಿ

ಮತ್ತೆ ಬೇಸಿಗೆ ಬಂತು, ಮತ್ತೆ ಬೆಂಗಳೂರಿನ ನಾಗರಬಾವಿ ಕಡೆ ಕಂಬ ಕಂಬಕ್ಕೂ ಸಮ್ಮರ್ ಕ್ಯಾಂಪ್ ಬೋರ್ಡ್. ಅದರಲ್ಲಿ ಒಂದು, 2025ರ ಬೇಸಿಗೆಯಲ್ಲಿ ನಮಗೆ ಟೋಪಿ ಹಾಕಿದವರದ್ದು. ಹೆಸರು ಹಾಕುವುದಿಲ್ಲ, ದೂರು ಇನ್ನೂ ಮುಗಿದಿಲ್ಲ. ಆದರೆ ಮೂರರಿಂದ ಆರು ವರ್ಷದ ಮಕ್ಕಳಿರುವವರು ದುಡ್ಡು ಕಟ್ಟುವ ಮುಂಚೆ ಇದನ್ನು ಪೂರ್ತಿ ಓದಿ.

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಏಪ್ರಿಲ್, ಮೇ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಬಿಸಿಲೂ ಮೊದಲಿನ ಹಾಗಿಲ್ಲ. ಇದೇ ಬೆಂಗಳೂರು 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತ್ತು, 2024ರ ಏಪ್ರಿಲ್‌ನಲ್ಲಿ 38.5. ಹಾಗಾಗಿ ನಾವು ಕೇಳಿದ್ದು ಡಾನ್ಸು, ಕರಾಟೆ ಅಲ್ಲ. ಮಗು ನೆರಳಲ್ಲಿರಬೇಕು, ಹೊಟ್ಟೆಗೆ ಸರಿಯಾಗಿ ಬೀಳಬೇಕು, ಅಷ್ಟೇ. ಕ್ಯಾಂಪ್ ನಡೆಸುವ ಮೇಡಮ್ ಎಷ್ಟು ಚೆನ್ನಾಗಿ ಮಾತಾಡಿದರು ಅಂದರೆ, ಬೆಳಗ್ಗೆ ರಾಗಿ ಗಂಜಿ, ಹನ್ನೊಂದಕ್ಕೆ ಮಜ್ಜಿಗೆ, ಮಧ್ಯಾಹ್ನ ಅನ್ನ, ಮೊಳಕೆಕಾಳು ಸಾರು, ಬೇಯಿಸಿದ ಮೊಟ್ಟೆ, ಸಂಜೆ ಕಲ್ಲಂಗಡಿ, ಎಲ್ಲಾ ಡಯೆಟಿಷಿಯನ್ ಮಾಡಿದ ಮೆನು, ಆಟ ಎಲ್ಲಾ ಎಸಿ ರೂಮಲ್ಲಿ. ಇದಕ್ಕೆ ‘ನ್ಯೂಟ್ರಿಷನ್ ಪ್ಯಾಕೇಜ್’ ಅಂತ ಫೀಸಿನ ಮೇಲೆ 4,000 ಬೇರೆ. ಕಟ್ಟಿದೆವು. ನಾನು ಹೇಳಿದೆ ಅಂತ ನಮ್ಮ ಅಪಾರ್ಟ್‌ಮೆಂಟಿನ ಇನ್ನೊಂದು ಮನೆಯವರೂ ಕಟ್ಟಿದರು. ಈಗ ಅವರನ್ನು ಲಿಫ್ಟಿನಲ್ಲಿ ನೋಡಿದರೆ ಮುಖ ಎಲ್ಲಿಡೋದು ಗೊತ್ತಾಗಲ್ಲ.

ದಿನಾ ಮಧ್ಯಾಹ್ನ ವಾಟ್ಸಾಪ್ ಗ್ರೂಪಿಗೆ ಊಟದ ಫೋಟೋ ಬರುತ್ತಿತ್ತು. ನಾವೆಲ್ಲಾ ಹಾರ್ಟ್ ಒತ್ತೋದು. ಆದರೆ ಮಗ ಮನೆಗೆ ಬಂದರೆ ಚೀಲ ಬಿಸಾಕಿ ಸೀದಾ ಅಡುಗೆಮನೆಗೆ. ತುಟಿ ಒಣಗಿರುತ್ತಿತ್ತು. ಉಚ್ಚೆ ಕಡು ಹಳದಿ, ಮಾಡುವಾಗ ಉರಿ ಅಂತ ಅಳು. ಆಟ ಜಾಸ್ತಿ ಇರಬೇಕು ಅಂದುಕೊಂಡೆವು.

ಒಂದು ಸಂಜೆ ಸುಮ್ನೆ ಫೋಟೋ ತೋರಿಸಿ, ಮೊಟ್ಟೆ ತಿಂದ್ಯಾ ಪುಟ್ಟಾ ಅಂದೆ.

“ಅದು ಫೋಟೋ ತಟ್ಟೆ ಅಮ್ಮಾ. ಮುಟ್ಟಬಾರದು. ಮಿಸ್ ಒಳಗೆ ಇಡ್ತಾರೆ.”

ಗ್ರೂಪಿನ ಹಳೇ ಫೋಟೋಗಳನ್ನೆಲ್ಲಾ ಮೇಲಕ್ಕೆ ಎಳೆದು ಎಳೆದು ನೋಡಿದೆ. ಅದೇ ಬಾಳೆಹಣ್ಣು, ತೊಟ್ಟಿನ ಹತ್ತಿರ ಅದೇ ಕಪ್ಪು ಮಚ್ಚೆ. ತಟ್ಟೆಯ ಅಂಚಿಗೆ ಅಂಟಿಕೊಂಡ ಅದೇ ಕೊತ್ತಂಬರಿ ಎಲೆ. ಒಂದು ದಿನ ಎಡಗಡೆಯಿಂದ ತೆಗೆದದ್ದು, ಇನ್ನೊಂದು ದಿನ ಬಲಗಡೆಯಿಂದ. ಒಂದೇ ತಟ್ಟೆ! ಅದಕ್ಕೆ ನಾನು ದಿನಾ ‘ಸೂಪರ್ ಮೇಡಮ್’ ಅಂತ ಬರೆದಿದ್ದೇನೆ. ಮೈಯೆಲ್ಲಾ ಉರಿದುಹೋಯಿತು.

ಮಾರನೇ ದಿನ ಊಟದ ಹೊತ್ತಿಗೆ ಹೇಳದೆ ಹೋದೆ. ಮೂರನೇ ಮಹಡಿ ಟೆರೇಸು, ಮೇಲೆ ತಗಡು, ಒಳಗೆ ಕಾಲಿಟ್ಟರೆ ಕಾದ ಹೆಂಚು. ಎಸಿ ರೂಮು ಅಂದಿದ್ದು ಆಫೀಸು. ಮಕ್ಕಳ ಮುಂದೆ ಚಿತ್ರಾನ್ನ, ಕ್ರೀಮ್ ಬಿಸ್ಕತ್ತು, ಕಿತ್ತಳೆ ಬಣ್ಣದ ಶರಬತ್ತು. ನೀರಿನ ಕ್ಯಾನು ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ. ಯಾಕೆ ಅಂತ ಕೇಳಿದರೆ ಆಯಾ ಪಾಪ ಇದ್ದದ್ದು ಇದ್ದ ಹಾಗೆ ಹೇಳಿದಳು: “ನೀರು ಜಾಸ್ತಿ ಕುಡಿದ್ರೆ ಪದೇ ಪದೇ ಸೂಸು ಅಂತಾರೆ ಅಕ್ಕ. ಕರ್ಕೊಂಡು ಹೋಗೋಕೆ ನಾನೊಬ್ಬಳೇ.”

ಮೇಡಮ್‌ಗೆ ಫೋಟೋ ತೋರಿಸಿದೆ. “ಅದು ಸ್ಯಾಂಪಲ್ ಮೇಡಮ್, ರೆಪ್ರೆಸೆಂಟೇಷನ್.” ಮೊಟ್ಟೆ ಎಲ್ಲಿ? “ಮಕ್ಕಳು ಬೇಡ ಅಂತಾರೆ.” ನನ್ನ ಮಗ ಹೇಳಿದ್ದು? “ಈ ವಯಸ್ಸಲ್ಲಿ ಕಥೆ ಕಟ್ತಾರೆ.” ಕಥೆ ಕಟ್ಟೋದಂತೆ! ನಾಲ್ಕು ವರ್ಷದ ಮಗು ‘ಫೋಟೋ ತಟ್ಟೆ’ ಅನ್ನೋ ಮಾತನ್ನು ಎಲ್ಲಿಂದ ತರುತ್ತೆ? ಕೊನೆಗೆ ಎಲ್ಲರೂ ಹೇಳುವ ಮಾತು, “ಬೇರೆ ಯಾವ ಪೇರೆಂಟ್ಸೂ ಕಂಪ್ಲೇಂಟ್ ಮಾಡಿಲ್ಲ, ನೀವೊಬ್ಬರೇ.” ಗ್ರೂಪಿನಲ್ಲಿ ಹಾಕಿದೆ. ಹತ್ತೇ ನಿಮಿಷಕ್ಕೆ ನನ್ನನ್ನು ಗ್ರೂಪಿನಿಂದ ತೆಗೆದರು.

ಇನ್ನೊಂದು ವಿಷಯ ಮರೆತೆ, ಅದೇ ಹೆಚ್ಚು ಭಯದ್ದು. ಅದಕ್ಕೂ ಸ್ವಲ್ಪ ಮುಂಚೆ ಮಗನಿಗೆ ಅಲ್ಲೇ ಭೇದಿ ಶುರುವಾಗಿತ್ತು. ಫೋನ್ ಮಾಡಿ “ಓಆರ್‌ಎಸ್ ಕೊಟ್ಟಿದ್ದೀವಿ, ಡೋಂಟ್ ವರಿ” ಅಂದರು. ಓಆರ್‌ಎಸ್ ಅಂದರೆ ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆಯ ದ್ರಾವಣ. ಚೀಲದಲ್ಲಿ ಸಿಕ್ಕಿದ್ದು ಆಪಲ್ ರುಚಿಯ ಟೆಟ್ರಾ ಪ್ಯಾಕು. ಡಾಕ್ಟರು ನೋಡಿ ಬೈದರು. ನಿಜವಾದ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಶಿಯಂ, ಸಿಟ್ರೇಟ್. ಈ ಪ್ಯಾಕಿನಲ್ಲಿ ಅದರ ಎಷ್ಟೋ ಪಟ್ಟು ಸಕ್ಕರೆ, ಭೇದಿ ಇನ್ನೂ ಜಾಸ್ತಿಯಾಗುತ್ತೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಇಂಥ ಪಾನೀಯಗಳ ಹೆಸರಿನಲ್ಲಿ ‘ಓಆರ್‌ಎಸ್’ ಹಾಕಬಾರದು ಅಂತ ಆದೇಶ ಮಾಡಿತು. ನಮಗೆ ಅದು ತಡವಾಯಿತು. ಕ್ಯಾಂಪಿನವರು ಏನು ಕೊಡುತ್ತಾರೆ ಅಂತ ಕೇಳಿ, ಇಲ್ಲಾಂದ್ರೆ ಡಬ್ಲ್ಯೂಎಚ್‌ಒ ಫಾರ್ಮುಲಾ ಅಂತ ಬರೆದ ಪುಡಿ ಪ್ಯಾಕೆಟ್ಟನ್ನು ನೀವೇ ಕಳಿಸಿ. ಲೀಟರಿನ ಪ್ಯಾಕೆಟ್ ಆದರೆ ಪೂರ್ತಿ ಒಂದು ಲೀಟರ್ ನೀರಿಗೆ, 24 ಗಂಟೆ ಆದಮೇಲೆ ಚೆಲ್ಲಬೇಕು.

ನಮ್ಮ ಮನೆ ಕೆಲಸದವರ ಮಗಳು ಪಕ್ಕದ ರಸ್ತೆಯ ಅಂಗನವಾಡಿಗೆ ಹೋಗುತ್ತಾಳೆ. ಅಲ್ಲಿ ಬಿಸಿ ಊಟ, ಮೊಟ್ಟೆ, ಕ್ಷೀರಭಾಗ್ಯದ ಹಾಲು. ಆ ವಯಸ್ಸಿನ ಮಗುವಿಗೆ ದಿನಕ್ಕೆ ಎಷ್ಟು ಕ್ಯಾಲರಿ, ಎಷ್ಟು ಪ್ರೋಟೀನ್ ಕೊಡಬೇಕು ಅಂತ ಸರ್ಕಾರದ ಲೆಕ್ಕವೇ ಇದೆ. ಒಂದು ಪೈಸೆ ಫೀಸಿಲ್ಲ. ನಾವು ಸಾವಿರಗಟ್ಟಲೆ ಕೊಟ್ಟು ಮಗುವಿಗೆ ಬಿಸ್ಕತ್ತು ತಿನ್ನಿಸಿದೆವು.

ದುಡ್ಡು ವಾಪಸ್ ಕೇಳಿದರೆ “ನೋ ರೀಫಂಡ್ ಪಾಲಿಸಿ, ಫಾರ್ಮಲ್ಲಿ ಸೈನ್ ಮಾಡಿದ್ದೀರಲ್ಲ.” ಹೇಳಿದ ಸೇವೆ ಕೊಡದೆ ಹಣ ಹಿಡಿದುಕೊಳ್ಳುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಹಾಕಿದ್ದೇನೆ. ಅದಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ, ಐದು ಲಕ್ಷದವರೆಗೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷ ಸಮಯ ಇದೆ.

ಸೇರಿಸುವ ಮುಂಚೆ ಊಟದ ಹೊತ್ತಿಗೆ ಹೇಳದೆ ಹೋಗಿ ನೋಡಿ. ಬಿಡಲ್ಲ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಮಕ್ಕಳು ನೀರು ಎಲ್ಲಿಂದ ಕುಡಿಯುತ್ತಾರೆ ಅಂತ ನೋಡಿ, ಬಾತ್‌ರೂಮಿಗೆ ಯಾರು ಕರೆದುಕೊಂಡು ಹೋಗುತ್ತಾರೆ ಅಂತ ಕೇಳಿ. ಮೆನುವನ್ನು ರಸೀದಿ ಮೇಲೇ ಬರೆಸಿಕೊಳ್ಳಿ. ಅದೇ ಕ್ಯಾಂಪಿಗೆ ಹೋದ ವರ್ಷ ದುಡ್ಡು ಕಟ್ಟಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಫೋಟೋ ನೋಡಿದರೆ ನಿಮಗೇ ಗೊತ್ತಾಗುತ್ತೆ. ಗ್ರೂಪಿನ ಸ್ಕ್ರೀನ್‌ಶಾಟು, ರಸೀದಿ ಇಟ್ಟುಕೊಂಡು ನನಗೆ ಮೆಸೇಜ್ ಮಾಡಿ, ಒಟ್ಟಿಗೆ ದೂರು ಕೊಡೋಣ.