ಏರ್ ವ್ಯೂ ಡಬ್ಲಿನ್: ವಾಹನದ ಹೊಗೆಗೆ ನಂಬಬಹುದು, ಚಿಮಣಿಯ ಹೊಗೆಗೆ ಸಾಲದು

ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನ ಸಿಟಿ ಕೌನ್ಸಿಲ್ ಮತ್ತು ಗೂಗಲ್ ಸೇರಿ ಬೀದಿಬೀದಿಯ ವಾಯುಮಾಲಿನ್ಯ ಅಳೆಯಲು ನಡೆಸಿದ ಏರ್ ವ್ಯೂ ಯೋಜನೆಯ ದತ್ತಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಆ ನಗರದಲ್ಲಿ ಬಾಡಿಗೆ ಮನೆ ಹುಡುಕುವವರಿಗೆ, ಮಕ್ಕಳನ್ನು ಶಾಲೆಗೆ ನಡೆಸಿಕೊಂಡು ಹೋಗುವವರಿಗೆ ಅದು ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

2021ರ ಮೇ ತಿಂಗಳಿಂದ 2022ರ ಆಗಸ್ಟ್‌ವರೆಗೆ, ಅಕ್ಲೈಮಾ ಕಂಪನಿಯ ಉಪಕರಣಗಳನ್ನು ಹೊತ್ತ ಜಾಗ್ವಾರ್ ಐ-ಪೇಸ್ ಕಾರು ಬೀದಿಬೀದಿ ಸುತ್ತಿ ನೈಟ್ರೋಜನ್ ಡೈಆಕ್ಸೈಡ್, ಓಝೋನ್, ಕಾರ್ಬನ್ ಮಾನಾಕ್ಸೈಡ್, ಪಿಎಂ 2.5 (2.5 ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕ ಸೂಕ್ಷ್ಮ ಕಣಗಳು) ಮೊದಲಾದವನ್ನು ಅಳೆಯಿತು. ಕಾರು ವಿದ್ಯುತ್ತಿನದಾದ್ದರಿಂದ ಅದರ ಹೊಗೆಯೇ ಅಳತೆಯಲ್ಲಿ ಸೇರಿಕೊಳ್ಳುವ ತೊಡಕಿರಲಿಲ್ಲ. ರಸ್ತೆಗಳನ್ನು ಸುಮಾರು 50 ಮೀಟರಿನ ತುಂಡುಗಳಾಗಿ ವಿಂಗಡಿಸಿ, ಒಂದೊಂದು ತುಂಡಿನಲ್ಲಿ ಕಾರು ಎಷ್ಟು ಸಲ ಹಾದುಹೋಯಿತು ಎಂಬುದನ್ನೂ ಕೊಟ್ಟಿರುವುದು ಈ ದತ್ತಾಂಶದ ದೊಡ್ಡ ಗುಣ. ಒಂದೆರಡೇ ಸಲ ಹಾದ ಬೀದಿಯಲ್ಲಿ ಮುಂದೆ ಹೋಗುತ್ತಿದ್ದ ಒಂದು ಹಳೆಯ ಲಾರಿಯೂ ಸರಾಸರಿಯನ್ನು ಕೆಡಿಸಬಲ್ಲದಾದ್ದರಿಂದ, ಆ ಸಂಖ್ಯೆಯನ್ನು ನೋಡದೆ ಯಾವ ಬೀದಿಯ ಬಗೆಗೂ ತೀರ್ಮಾನಕ್ಕೆ ಬರಬಾರದು. ನೈಟ್ರೋಜನ್ ಡೈಆಕ್ಸೈಡ್ ಮುಖ್ಯವಾಗಿ ವಾಹನಗಳಿಂದ ಬರುವಂಥದ್ದು, ಮುಖ್ಯರಸ್ತೆಯಿಂದ ಒಂದು ತಿರುವು ಒಳಗೆ ಹೋದರೆ ಇಳಿಯುವಂಥದ್ದು. ಊರಿನಲ್ಲಿ ಅಲ್ಲೊಂದು ಇಲ್ಲೊಂದು ಇರುವ, ಗಾಳಿ ಅಳೆಯುವ ಸ್ಥಿರ ಕೇಂದ್ರಗಳು ತೋರಿಸಲಾಗದ ಈ ವ್ಯತ್ಯಾಸವನ್ನು ಏರ್ ವ್ಯೂ ಚೆನ್ನಾಗಿ ತೋರಿಸುತ್ತದೆ.

ಪಿಎಂ 2.5 ವಿಷಯದಲ್ಲಿ ಮಾತ್ರ ನನಗೆ ಗಂಭೀರ ಆಕ್ಷೇಪವಿದೆ. ಕಾರು ಓಡಿದ್ದು ಸೋಮವಾರದಿಂದ ಶುಕ್ರವಾರದವರೆಗೆ, ಬೆಳಗ್ಗೆ 9ರಿಂದ ಸಂಜೆ 5ರ ನಡುವೆ. ಡಬ್ಲಿನ್‌ನಲ್ಲಿ ಸೂಕ್ಷ್ಮ ಕಣಗಳು ಏರುವುದಾದರೋ ಚಳಿಗಾಲದ ಸಂಜೆ, ಮನೆಗಳಲ್ಲಿ ಹೊಗೆ ಕಡಿಮೆ ಇರುವ ಕಲ್ಲಿದ್ದಲು, ಪೀಟ್ (ಜೌಗು ನೆಲದಿಂದ ಅಗೆದು ಒಣಗಿಸಿದ ಇಂಧನ), ಸೌದೆ ಉರಿಯುವ ಹೊತ್ತಿನಲ್ಲಿ. ಹೊಗೆ ಕಾರುವ ಕಲ್ಲಿದ್ದಲಿನ ಮಾರಾಟವನ್ನು 1990ರಲ್ಲೇ ನಿಷೇಧಿಸಿದ ನಗರ ಇದು. ಅಲ್ಲಿನ ಸಮೀಕ್ಷೆಯೊಂದು ಚಿಮಣಿಗಳ ಹೊತ್ತನ್ನೇ ಬಿಟ್ಟುಬಿಟ್ಟಿರುವುದು ಸಣ್ಣ ಲೋಪವಲ್ಲ. ನಕ್ಷೆಯಲ್ಲಿ ನಿರ್ಮಲವಾಗಿ ಕಾಣುವ ವಸತಿ ಬೀದಿ ಜನವರಿಯ ರಾತ್ರಿಯೂ ಹಾಗೆಯೇ ಇರುತ್ತದೆಂದು ಆಸ್ತಮಾ ಇರುವ ಮಗುವಿನ ತಂದೆತಾಯಿ ನಂಬಿದರೆ ತೊಂದರೆಯಾದೀತು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಸಿ-ಸ್ಟೆಪ್ ಮತ್ತು ಐಎಲ್‌ಕೆ ಲ್ಯಾಬ್ಸ್ ಸಂಶೋಧಕರು ಇಂಥದೇ ಕಾರು ಸಮೀಕ್ಷೆ ನಡೆಸಿದಾಗ ಕಪ್ಪು ಇಂಗಾಲವನ್ನೂ (ಇಂಧನ ಪೂರ್ತಿ ಉರಿಯದಾಗ ಹೊರಬೀಳುವ ಮಸಿ) ಅಳೆದಿದ್ದರು. ಡಬ್ಲಿನ್‌ನಲ್ಲೂ ಅದನ್ನು ಸೇರಿಸಿದ್ದರೆ ಹೊಗೆಯ ಮೂಲವನ್ನು ಗುರುತಿಸುವುದು ಸುಲಭವಾಗುತ್ತಿತ್ತು.

ಇನ್ನೊಂದು ಮಾತು: ಮೊದಲ ತಿಂಗಳುಗಳಲ್ಲಿ ಕೋವಿಡ್ ನಿರ್ಬಂಧಗಳು ಪೂರ್ತಿ ತೆರವಾಗಿರಲಿಲ್ಲ. ಆದ್ದರಿಂದ ಇಲ್ಲಿನ ಅಂಕಿಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ವಾರ್ಷಿಕ ಮಿತಿಗೆ ನೇರವಾಗಿ ಹೋಲಿಸದೆ, ಒಂದು ಬೀದಿಯನ್ನು ಇನ್ನೊಂದರೊಂದಿಗೆ ಹೋಲಿಸಲು ಮಾತ್ರ ಬಳಸಬೇಕು. ಶಾಲೆಯ ದಾರಿಯನ್ನು ಆರಿಸಲು ನಾನು ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಚಳಿಗಾಲದ ಸಂಜೆಯ ಗಾಳಿಯನ್ನು ತಿಳಿಯಲು ಐರ್ಲೆಂಡಿನ ಪರಿಸರ ಸಂರಕ್ಷಣಾ ಸಂಸ್ಥೆಯ ಸ್ಥಿರ ಕೇಂದ್ರಗಳ ಗಂಟೆಗಂಟೆಯ ಅಂಕಿಗಳನ್ನೇ ನೋಡಬೇಕು.